ಡೀಸೆಲ್ ಎಂಜಿನ್ ಮಾಡೆಲ್‌ಗೆ ನಂಬರ್ ಬರೆಯೋ ಮುಂಚೆ ಸ್ಕೇಲ್ ಹಿಡೀರಿ

(1/5)
ನೇರವಾಗಿ ಹೇಳ್ತೀನಿ, ಬೇಜಾರಾದ್ರೂ ಪರವಾಗಿಲ್ಲ. ಅಮೆರಿಕದ ಎಂಜಿನ್ ಮಾಡೆಲ್ ತಗೊಂಡು, ನಮ್ಮ ರೈಲ್ವೆ ಬಣ್ಣ ಹೊಡೆದು, ಪಕ್ಕದಲ್ಲಿ ‘ಕೆಜೆಎಂ’ ಅಂತ ಬರೆದುಬಿಟ್ರೆ ಅದು ಕೃಷ್ಣರಾಜಪುರಂ ಶೆಡ್ಡಿನ ಎಂಜಿನ್ ಆಗಲ್ಲ. ಕೇಳಿದ್ರೆ “ಮಗಾ, ಖುಷಿಗೆ ಮಾಡಿದ್ದು, ಮೊಳೆ ಎಣಿಸ್ತಾ ಕೂತ್ಕೋಬೇಡ” ಅಂತೀರ. ಕಂಸಾಳೆ ಬದಲು ಎರಡು ಸ್ಟೀಲ್ ತಟ್ಟೆ ಹಿಡ್ಕೊಂಡು ಮಾದಪ್ಪನ ಮುಂದೆ ಕುಣಿದ್ರೆ ನಮ್ಮೂರಿನವರು ಸುಮ್ನಿರ್ತಾರಾ?

(2/5)
ಹನೂರಿಗೆ ರೈಲಿಲ್ಲ. ನೋಡ್ಬೇಕಂದ್ರೆ ಚಾಮರಾಜನಗರಕ್ಕೋ ಮೈಸೂರಿಗೋ ಬಸ್ ಹತ್ತಬೇಕು. ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಬರಬೇಕಾದ ಲೈನು ದಶಕಗಳಿಂದ ಕಾಗದದ ಮೇಲೇ ಓಡ್ತಿದೆ. ಹಾಗಾಗಿ ಇಲ್ಲಿನ ಎಷ್ಟೋ ಮಕ್ಕಳು ಎಂಜಿನ್ ಅಂತ ಮೊದಲು ನೋಡೋದು ನಿಮ್ಮ ಫೋಟೋನೇ. ಅದು ಸುಳ್ಳಾದ್ರೆ ಅವರು ಕಲಿಯೋದೂ ಸುಳ್ಳೇ. ಅತ್ತ ಡೀಸೆಲ್ ಕಾಲಾನೇ ಮುಗೀತಾ ಬಂತು. ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ 2020ರಲ್ಲಿ ಬನಾರಸ್ ಲೋಕೋಮೋಟಿವ್ ವರ್ಕ್ಸ್ ಆಯ್ತು. ಹೆಸರಿಂದಲೇ ‘ಡೀಸೆಲ್’ ಹೋಯ್ತು. ನಾಳೆ ಉಳಿಯೋದು ಫೋಟೋ, ಮಾಡೆಲ್ ಅಷ್ಟೇ.

(3/5)
ಚೆಕ್ ಮಾಡೋಕೆ ದುಡ್ಡು ಬೇಡ, ಕಣ್ಣು ಸಾಕು.
• ಹೆಸರು ಓದಿ. ಡಬ್ಲ್ಯು ಅಂದ್ರೆ ಬ್ರಾಡ್ ಗೇಜ್, ವೈ ಅಂದ್ರೆ ಮೀಟರ್ ಗೇಜ್. ಡಿ ಡೀಸೆಲ್, ಪಿ ಪ್ಯಾಸೆಂಜರ್, ಜಿ ಗೂಡ್ಸ್, ಎಂ ಎರಡಕ್ಕೂ. ವೈಡಿಎಂ-4, ಡಬ್ಲ್ಯುಡಿಪಿ-4 ಎರಡನ್ನೂ ಒಂದೇ ಹಳಿ ಮೇಲೆ ನಿಲ್ಲಿಸಿದ್ರೆ ಒಂದರ ಹೆಸರಂತೂ ಸುಳ್ಳು.
• ಕ್ಯಾಬ್ ಎಣಿಸಿ. ಡಬ್ಲ್ಯುಡಿಪಿ-4ಕ್ಕೆ ಒಂದು, 4ಡಿಗೆ ಎರಡು.
• ಮೂತಿ ನೋಡಿ. ನಮ್ಮ ಬ್ರಾಡ್ ಗೇಜ್ ಎಂಜಿನ್‌ಗಳಿಗೆ ಎರಡೂ ಪಕ್ಕ ಬಫರ್ ಇರುತ್ತೆ, ಅಮೆರಿಕದವಕ್ಕೆ ಇರಲ್ಲ.
• ಕೆಳಗೆ ಬಗ್ಗಿ ನೋಡಿ. ಡಬ್ಲ್ಯುಡಿಎಂ-2ರಲ್ಲಿ ಆ ಕಡೆ ಮೂರು, ಈ ಕಡೆ ಮೂರು ಜೊತೆ ಚಕ್ರ. ಆ ಮೂರರ ನಡುವಿನ ಅಂತರ ಸಮ ಇರಲ್ಲ. ಸಮ ಇದ್ರೆ ಅದು ಬೇರೆ ಯಾವುದೋ ಎಂಜಿನ್ನಿನ ಕಾಲು.

(4/5)
ಈಗ ಲೆಕ್ಕ. ಎಚ್‌ಒ ಸ್ಕೇಲ್ ಅಂದ್ರೆ 87ರಲ್ಲಿ ಒಂದು ಪಾಲು. ಡಬ್ಲ್ಯುಡಿಎಂ-2 ಬಫರಿಂದ ಬಫರಿಗೆ 17.12 ಮೀಟರ್; ಮಾಡೆಲ್ ಸುಮಾರು 197 ಮಿ.ಮೀ. ಬರಬೇಕು. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ.; 87ರಿಂದ ಭಾಗಿಸಿದ್ರೆ 19.3. ಅಂಗಡೀಲಿ ಸಿಗೋ ಎಚ್‌ಒ ಹಳಿ 16.5. ಯಾಕಂದ್ರೆ ಅದು 1435 ಮಿ.ಮೀ. ಗೇಜಿನ ದೇಶಗಳಿಗೆ ಮಾಡಿದ್ದು. ಅಂದ್ರೆ ಆ ಹಳಿ ಮೇಲೆ ನಿಂತ ಪ್ರತಿಯೊಂದು ‘ಇಂಡಿಯನ್’ ಬ್ರಾಡ್ ಗೇಜ್ ಮಾಡೆಲ್ಲೂ ಕಾಲು ಕೂಡಿಸ್ಕೊಂಡೇ ನಿಂತಿದೆ.

(5/5)
“ಹಂಗಾದ್ರೆ ಎಲ್ಲಾ ಬಿಸಾಕ್ಬೇಕಾ?” ಬೇಡ ಗುರೂ. 19.3ರ ಹಳಿ ಎಲ್ಲರೂ ಮನೇಲಿ ಮಾಡ್ಕೊಳ್ಳೋಕಾಗಲ್ಲ, ಒಪ್ತೀನಿ. ರಾಜಿ ಮಾಡ್ಕೊಳ್ಳಿ, ಆದ್ರೆ ಮುಚ್ಚಿಡಬೇಡಿ. “ಹಳಿ 16.5, ಬಾಡಿ ಅಮೆರಿಕದ್ದು, ಬಣ್ಣ ನಮ್ಮದು” ಅಂತ ಒಂದು ಸಾಲು ಬರೀರಿ, ನಾನೇ ಮೊದಲ ಲೈಕ್ ಹಾಕ್ತೀನಿ. ಆಟಿಕೆ ಅಂದ್ರೆ ಆಟಿಕೆ, ಅದರಲ್ಲಿ ಅವಮಾನ ಏನಿದೆ? ಆದ್ರೆ ಎಂಜಿನ್ ಮೇಲಿನ ಐದಂಕಿ ನಂಬರ್ ಒಂದೇ ಒಂದು ಎಂಜಿನ್ನಿಗೆ ಸೇರಿದ್ದು. ಅದನ್ನ ಬರೆದ್ರೆ ಆ ಎಂಜಿನ್ನಿನ ಫೋಟೋ ಪಕ್ಕ ಇಟ್ಟು ತೋರಿಸೋ ಹೊಣೆ ನಿಮ್ಮದು. ದುಬಾರಿ ಮಾಡೆಲ್ ಇಲ್ವಾ? ರಟ್ಟು, ಸ್ಕೇಲ್, ಪೆನ್ಸಿಲ್ ತಗೊಳ್ಳಿ. ಅಳತೆ ಸರಿ ಇರೋ ರಟ್ಟಿನ ಎಂಜಿನ್ನು, ಅಳತೆ ತಪ್ಪಿದ ದುಬಾರಿ ಎಂಜಿನ್ನಿಗಿಂತ ದೊಡ್ಡದು.

ಒಪ್ಪಲ್ಲ ಅನ್ನೋರು ಕಾಮೆಂಟಲ್ಲಿ ಬನ್ನಿ. ಬರೋವಾಗ ನಿಮ್ಮ ಮಾಡೆಲ್ಲಿನ ಉದ್ದ ಅಳೆದುಕೊಂಡು ಬನ್ನಿ.

#ಹನೂರು #ಡೀಸೆಲ್‌ಎಂಜಿನ್ #ರೈಲುಮಾಡೆಲ್