ಕೇಂಬ್ರಿಡ್ಜಿನ ಹಿತ್ತಲಲ್ಲಿ ತೇಲುವ ಸುಳ್ಳುಗಳು

ಇಲ್ಲಿ ಏನಾದರೂ ಗೀಚಿ ತುಂಬಾ ದಿನವಾಯಿತು. ಇವತ್ತು ಬರೆಯಲೇಬೇಕು ಅನ್ನಿಸಿ ಕೂತಿದ್ದೇನೆ. ಒಂದು ತಪ್ಪೊಪ್ಪಿಗೆ ಇದೆ, ಜೊತೆಗೆ ಒಂದು ಜಗಳವೂ ಇದೆ. ತಪ್ಪು ನನ್ನದು. ಜಗಳ ಮಾತ್ರ ನಿಮ್ಮೆಲ್ಲರ ಜೊತೆ :)

2009ರಲ್ಲಿ ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದಾಗ ಒಂದು ಶನಿವಾರ ಕೇಂಬ್ರಿಡ್ಜಿಗೆ ಹೋಗಿದ್ದೆ. ಅಲ್ಲಿಗೆ ಹೋದವರೆಲ್ಲ ಮಾಡುವ ಹಾಗೆ ನಾನೂ ಕ್ಯಾಮ್ ನದಿಯಲ್ಲಿ ದೋಣಿ ಹತ್ತಿದೆ. ಅದಕ್ಕೆ ಪಂಟ್ ಅಂತಾರೆ. ಚಪ್ಪಟೆ ತಳ, ಹುಟ್ಟು ಇಲ್ಲ. ಹಿಂದುಗಡೆ ಹಲಗೆಯ ಮೇಲೆ ನಿಂತವನು ಉದ್ದನೆಯ ಕೋಲನ್ನು ನದಿಯ ತಳಕ್ಕೆ ಊರಿ ಊರಿ ದೋಣಿ ತಳ್ಳುತ್ತಾನೆ. ತಳ್ಳುವವನೇ ಗೈಡು. ಮಾಡ್ಲಿನ್ ಸೇತುವೆಯ ಪಕ್ಕದಲ್ಲಿ ಹತ್ತಿದರೆ ಸೇಂಟ್ ಜಾನ್ಸ್, ಟ್ರಿನಿಟಿ, ಟ್ರಿನಿಟಿ ಹಾಲ್, ಕ್ಲೇರ್, ಕಿಂಗ್ಸ್, ಕ್ವೀನ್ಸ್ ಹೀಗೆ ಒಂದಾದ ಮೇಲೊಂದು ಕಾಲೇಜುಗಳ ಹಿಂಬದಿ ನೋಡಿಕೊಂಡು ಮುಕ್ಕಾಲು ಗಂಟೆಯಲ್ಲಿ ವಾಪಸ್ಸು. ಈ ಜಾಗಕ್ಕೆ ಅವರು ಇಟ್ಟಿರುವ ಹೆಸರೇ 'ದ ಬ್ಯಾಕ್ಸ್'. ನಮ್ಮ ಮಾತಲ್ಲಿ ಹೇಳುವುದಾದರೆ ಹಿತ್ತಲು.

ಕ್ವೀನ್ಸ್ ಕಾಲೇಜಿನ ಹತ್ತಿರ ಒಂದು ಮರದ ಸೇತುವೆ ಬರುತ್ತದೆ. ಹೆಸರು ಮ್ಯಾಥಮ್ಯಾಟಿಕಲ್ ಬ್ರಿಡ್ಜ್. ನೇರವಾದ ಮರದ ತೊಲೆಗಳನ್ನೇ ಜೋಡಿಸಿ ಕಮಾನು ಮಾಡಿದ್ದಾರೆ, ನೋಡೋಕೆ ನಿಜಕ್ಕೂ ಚೆಂದ. ಗೈಡ್ ದೋಣಿ ನಿಧಾನ ಮಾಡಿ ಕಥೆ ಹೇಳಿದ. ಇದನ್ನು ಕಟ್ಟಿದ್ದು ಐಸಾಕ್ ನ್ಯೂಟನ್, ಒಂದೇ ಒಂದು ಮೊಳೆ ಇಲ್ಲದೆ, ಬರೀ ಗಣಿತದ ಬಲದಿಂದ. ಆಮೇಲೆ ತರಲೆ ಹುಡುಗರು ಇದರ ಗುಟ್ಟು ಏನು ಅಂತ ನೋಡಲು ಬಿಚ್ಚಿದರಂತೆ, ವಾಪಸ್ಸು ಜೋಡಿಸಲು ಬರಲಿಲ್ಲವಂತೆ, ಅದಕ್ಕೇ ಈಗ ಬೋಲ್ಟು ಹಾಕಿದ್ದಾರಂತೆ. ದೋಣಿಯಲ್ಲಿದ್ದವರೆಲ್ಲ ಆಹಾ ಅಂದರು. ನಾನೂ ಅಂದೆ. ರೂಮಿಗೆ ಬಂದು ಅದನ್ನೇ ಇಲ್ಲಿ ಬರೆದೆ, ನಾಲ್ಕು ಫೋಟೋ ಸಮೇತ. "ಸೂಪರ್ ಸಾರ್", "ಕೂತಲ್ಲೇ ಕೇಂಬ್ರಿಡ್ಜ್ ತೋರಿಸಿದ್ರಿ" ಅಂತ ನೀವೆಲ್ಲ ಬೆನ್ನು ತಟ್ಟಿದಿರಿ.

ಕಥೆ ಸುಳ್ಳು. ನ್ಯೂಟನ್ ತೀರಿಕೊಂಡಿದ್ದು 1727ರಲ್ಲಿ. ಸೇತುವೆ ಕಟ್ಟಿದ್ದು 1749ರಲ್ಲಿ. ಸತ್ತು ಇಪ್ಪತ್ತೆರಡು ವರ್ಷವಾದ ಮೇಲೆ ಯಾವ ಪುಣ್ಯಾತ್ಮ ಬಂದು ಸೇತುವೆ ಕಟ್ಟುತ್ತಾನೆ? ವಿನ್ಯಾಸ ಮಾಡಿದ್ದು ವಿಲಿಯಂ ಎಥರಿಜ್, ಕಟ್ಟಿದ್ದು ಜೇಮ್ಸ್ ಎಸೆಕ್ಸ್. ಮೊದಲಿನಿಂದಲೂ ಕಬ್ಬಿಣದ ಸ್ಕ್ರೂ ಇದ್ದೇ ಇತ್ತು, ಹೊರಗಡೆಯಿಂದ ಹೊಡೆದಿದ್ದರಿಂದ ಸೇತುವೆ ಮೇಲೆ ನಡೆಯುವವರಿಗೆ ಕಾಣುತ್ತಿರಲಿಲ್ಲ ಅಷ್ಟೇ. ಯಾವ ಹುಡುಗರೂ ಬಿಚ್ಚಲಿಲ್ಲ. ಮರ ಹಳೆಯದಾದಾಗ 1866ರಲ್ಲಿ ರಿಪೇರಿಯಾಯಿತು, 1905ರಲ್ಲಿ ಅದೇ ವಿನ್ಯಾಸದಲ್ಲಿ ತೇಗದ ಮರ ಬಳಸಿ ಪೂರ್ತಿ ಹೊಸದಾಗಿ ಕಟ್ಟಿದರು. ಈಗ ಕಾಣುವ ಬೋಲ್ಟು ಆಗಿನವು.

ಇದೆಲ್ಲ ನನಗೆ ಗೊತ್ತಾಗಿದ್ದು ಹೇಗೆ ಅಂದರೆ, ಅಪ್ಪನ ಫೋನಿನಿಂದ.

ನಮ್ಮಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ನಾನು ಬರೆದಿದ್ದನ್ನು ಪ್ರಿಂಟ್ ತೆಗೆಸಿ ಫೈಲಿನಲ್ಲಿ ಇಟ್ಟುಕೊಳ್ಳುವ ಏಕೈಕ ಓದುಗ. 2023ರ ಡಿಸೆಂಬರ್ 22ಕ್ಕೆ, ಅಂದರೆ ರಾಮಾನುಜನ್ ಹುಟ್ಟಿದ ದಿನ, ರಾಷ್ಟ್ರೀಯ ಗಣಿತ ದಿನಕ್ಕೆ ಅವರ ಹಳೇ ಶಾಲೆಯವರು ಭಾಷಣಕ್ಕೆ ಕರೆದಿದ್ದರು. ಅಪ್ಪ ಹೋಗಿ ನ್ಯೂಟನ್ನನ ಸೇತುವೆಯ ಕಥೆ ಹೇಳಿದ್ದಾರೆ. "ನನ್ನ ಮಗ ಕಣ್ಣಾರೆ ನೋಡಿ ಬಂದಿದ್ದಾನೆ" ಅಂತ ಬೇರೆ ಸೇರಿಸಿದ್ದಾರೆ. ಕಾರ್ಯಕ್ರಮ ಮುಗಿದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಟೀಚರ ಮೊಬೈಲಿನಲ್ಲಿ ಇಸವಿ ಹುಡುಕಿಕೊಂಡು ಬಂದು, "ಸಾರ್, ನ್ಯೂಟನ್ ಆಗ ಬದುಕಿರಲಿಲ್ಲ ಅಲ್ವಾ ಸಾರ್?" ಅಂದಳಂತೆ.

ರಾತ್ರಿ ಫೋನ್ ಮಾಡಿದರು. ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. 

"ಅಲ್ಲ ಕಣೋ, ನೀನು ನೋಡಿ ಬರೆದಿದ್ದೀಯ ಅಂತ ನಂಬಿದೆ."

"ಅಪ್ಪ, ಅದು ಗೈಡ್ ಹೇಳಿದ್ದು."

"ಗೈಡ್ ಹೇಳಿದ್ದು ಅಂತ ನೀನು ಬರೆದಿರಲಿಲ್ಲವಲ್ಲಪ್ಪಾ."

ಹೌದು. ಬರೆದಿರಲಿಲ್ಲ. ಹಳೇ ಬರಹ ತೆಗೆದು ನೋಡಿದೆ. 'ನ್ಯೂಟನ್ ಕಟ್ಟಿದ ಸೇತುವೆ' ಅಂತ ತಲೆಬರಹವನ್ನೇ ಕೊಟ್ಟಿದ್ದೇನೆ! ಸುಮ್ಮನೆ ಅದೇ ಪದಗಳನ್ನು ಗೂಗಲ್ಲಿಗೆ ಹಾಕಿದರೆ ಇನ್ನೂ ಎರಡು ಕಡೆ ನನ್ನದೇ ವಾಕ್ಯಗಳು ಸಿಕ್ಕವು, ನನ್ನ ಕಾಗುಣಿತದ ತಪ್ಪಿನ ಸಮೇತ.

2024ರ ಬೇಸಿಗೆಯಲ್ಲಿ ಮತ್ತೆ ಆ ಕಡೆ ಹೋಗುವ ಅವಕಾಶ ಸಿಕ್ಕಿದಾಗ ಹಟ ಹಿಡಿದು ಅದೇ ದೋಣಿ ಪ್ರಯಾಣ ಮಾಡಿದೆ. ಈ ಸಲ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ಕು. ಗೈಡ್ ಬೇರೆ ಹುಡುಗ, ಕಥೆ ಅದೇ. ಆದರೆ ನಾನು ಬರೆದುಕೊಂಡಿದ್ದು ಅವನು ಹೇಳಿದ ಸುಳ್ಳನ್ನಲ್ಲ, ಅವನು ಬಾಯಿ ಮುಚ್ಚಿಕೊಂಡು ದಾಟಿದ ಜಾಗಗಳನ್ನು.

ಸೇಂಟ್ ಜಾನ್ಸ್ ಬಂತು. 1831ರಲ್ಲಿ ಕಟ್ಟಿದ 'ನಿಟ್ಟುಸಿರಿನ ಸೇತುವೆ'. ಪರೀಕ್ಷೆಗೆ ಹೋಗುವ ಹುಡುಗರು ಇಲ್ಲಿ ನಿಟ್ಟುಸಿರು ಬಿಡುತ್ತಿದ್ದರಂತೆ, ಅದಕ್ಕೇ ಈ ಹೆಸರಂತೆ. ಅಲ್ಲ ಮಾರಾಯ, ವೆನಿಸ್ ಸೇತುವೆಯ ಹೆಸರನ್ನು ಎರವಲು ತಂದಿದ್ದು ಅದು. ಇರಲಿ. ಈ ಕಾಲೇಜಿನಲ್ಲಿ ಓದಿದವರು ವಿಕ್ರಮ್ ಸಾರಾಭಾಯಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಊರಿಗೆ ವಾಪಸ್ಸು ಬಂದು, ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ. ವಿ. ರಾಮನ್ ಜೊತೆ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿ, ಯುದ್ಧ ಮುಗಿದ ಮೇಲೆ ಮತ್ತೆ ಇಲ್ಲಿಗೇ ಬಂದು 1947ರಲ್ಲಿ ಪಿಎಚ್‌ಡಿ ಮುಗಿಸಿದರು. ದೋಣಿಯಲ್ಲಿದ್ದ ಹನ್ನೆರಡು ಜನರಲ್ಲಿ ಐದು ಜನ ಭಾರತೀಯರು. ಒಂದು ಮಾತು ಬರಲಿಲ್ಲ.

ಟ್ರಿನಿಟಿ ಬಂತು. ನದಿಯ ಕಡೆ ಮುಖ ಮಾಡಿ ನಿಂತಿರುವ ದೊಡ್ಡ ಕಟ್ಟಡವೇ ಕ್ರಿಸ್ಟಫರ್ ರೆನ್ ವಿನ್ಯಾಸ ಮಾಡಿದ ರೆನ್ ಲೈಬ್ರರಿ. 'ವಿನ್ನಿ ದ ಪೂ' ಹಸ್ತಪ್ರತಿ ಅಲ್ಲಿದೆ ಅಂದ ಗೈಡ್. ನಿಜ, ಇದೆ. ಆದರೆ ಅದೇ ಲೈಬ್ರರಿಯಲ್ಲಿ 1976ರಲ್ಲಿ ಜಾರ್ಜ್ ಆಂಡ್ರ್ಯೂಸ್ ಎಂಬ ಅಮೆರಿಕದ ಗಣಿತಜ್ಞ, ವಾಟ್ಸನ್ ಅನ್ನುವವರು ಬಿಟ್ಟುಹೋದ ಕಾಗದಗಳ ಪೆಟ್ಟಿಗೆಯೊಂದನ್ನು ತಡಕಾಡುವಾಗ ರಾಮಾನುಜನ್ ಕೈಬರಹದ ನೂರಕ್ಕೂ ಹೆಚ್ಚು ಪುಟಗಳನ್ನು ಕಂಡರು. 1914ರಲ್ಲಿ ಮದ್ರಾಸಿನಿಂದ ಹಡಗು ಹತ್ತಿ ಬಂದು, 1918ರಲ್ಲಿ ಇದೇ ಟ್ರಿನಿಟಿಯ ಫೆಲೋ ಆಗಿ, 1919ರಲ್ಲಿ ಕಾಯಿಲೆಯ ಮೈ ಹೊತ್ತು ಊರಿಗೆ ಹೋಗಿ, 1920ರಲ್ಲಿ ಮೂವತ್ತೆರಡಕ್ಕೇ ತೀರಿಕೊಂಡ ಮನುಷ್ಯ ಕೊನೆಯ ವರ್ಷದಲ್ಲಿ ಬರೆದ ಗಣಿತ ಅದು. 'ಕಳೆದುಹೋದ ನೋಟ್‌ಬುಕ್' ಅಂತ ಜಗತ್ತು ಕರೆಯಿತು. ಅದು ಸಿಕ್ಕ ಕಟ್ಟಡದ ಕೆಳಗೇ ನಮ್ಮ ದೋಣಿ ಹೋಯಿತು.

ಈಗ ನನ್ನ ಹೊಟ್ಟೆಯುರಿ ಅರ್ಥವಾಯಿತಲ್ಲ? ರಾಮಾನುಜನ್ ಹುಟ್ಟುಹಬ್ಬಕ್ಕೆ ನಮ್ಮಪ್ಪನ ಕೈಗೆ ನಾನು ಈ ಕಥೆ ಕೊಡಬಹುದಿತ್ತು. ಕೊಟ್ಟಿದ್ದು ನ್ಯೂಟನ್ನನ ಸುಳ್ಳು ಸೇತುವೆ.

ಇನ್ನೊಂದು ದೊಡ್ಡ ಮೌನ ಇದೆ. ಈ ದೋಣಿ ನ್ಯೂನ್ಯಾಮ್ ಅಥವಾ ಗರ್ಟನ್ ಕಾಲೇಜಿನ ಕಡೆ ಹೋಗುವುದೇ ಇಲ್ಲ. ಅವು ಹೆಣ್ಣುಮಕ್ಕಳಿಗಾಗಿ ಶುರುವಾದ ಕಾಲೇಜುಗಳು. 1890ರಲ್ಲಿ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ನ್ಯೂನ್ಯಾಮಿನ ಫಿಲಿಪ್ಪಾ ಫಾಸೆಟ್ ಎಲ್ಲ ಗಂಡಸರಿಗಿಂತ ಹೆಚ್ಚು ಅಂಕ ತೆಗೆದಳು. ಮೊದಲ ಸ್ಥಾನದವನನ್ನು ಸೀನಿಯರ್ ರಾಂಗ್ಲರ್ ಅಂತಾರೆ. ಅವಳ ಹೆಸರನ್ನು 'ಸೀನಿಯರ್ ರಾಂಗ್ಲರಿಗಿಂತ ಮೇಲೆ' ಅಂತ ಓದಿದರು. ಡಿಗ್ರಿ ಮಾತ್ರ ಕೊಡಲಿಲ್ಲ, ಹೆಣ್ಣು ಅಂತ. 1897ರಲ್ಲಿ ಹೆಣ್ಣುಮಕ್ಕಳಿಗೆ ಡಿಗ್ರಿ ಕೊಡೋಣವೇ ಅಂತ ಮತಕ್ಕೆ ಹಾಕಿದಾಗ, ಹುಡುಗರು ಸೈಕಲ್ ಮೇಲೆ ಕೂತ ಹೆಂಗಸಿನ ಗೊಂಬೆ ಮಾಡಿ ಸೆನೆಟ್ ಹೌಸ್ ಎದುರು ನೇತುಹಾಕಿದರು. ಪ್ರಸ್ತಾಪ ಬಿತ್ತು. 1904ರಿಂದ 1907ರವರೆಗೆ ಇಲ್ಲಿನ ಮತ್ತು ಆಕ್ಸ್‌ಫರ್ಡಿನ ನೂರಾರು ಹೆಂಗಸರು ಸ್ಟೀಮರ್ ಹತ್ತಿ ಐರ್ಲೆಂಡಿಗೆ ಹೋಗಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಿಂದ ಡಿಗ್ರಿ ತಂದರು. 'ಸ್ಟೀಮ್‌ಬೋಟ್ ಲೇಡೀಸ್' ಅಂತಲೇ ಅವರ ಹೆಸರಾಯಿತು. ಕೇಂಬ್ರಿಡ್ಜಿನ ಕಥೆಯಲ್ಲಿ ಯಾವುದಾದರೂ ದೋಣಿಯ ಬಗ್ಗೆ ಹೇಳಬೇಕಾದರೆ ಇದರ ಬಗ್ಗೆ ಹೇಳಬೇಕು ಕಣ್ರೀ! ಕೇಂಬ್ರಿಡ್ಜ್ ಹೆಣ್ಣುಮಕ್ಕಳಿಗೆ ಪೂರ್ತಿ ಡಿಗ್ರಿ ಕೊಟ್ಟಿದ್ದು 1948ರಲ್ಲಿ. ಫಿಲಿಪ್ಪಾ ಫಾಸೆಟ್ ಸತ್ತಿದ್ದೂ ಅದೇ ವರ್ಷ. ನಾವು ದೋಣಿ ಹತ್ತಿದೆವಲ್ಲ, ಆ ಮಾಡ್ಲಿನ್ ಕಾಲೇಜು ಹುಡುಗಿಯರನ್ನು ಸೇರಿಸಿಕೊಂಡಿದ್ದು 1988ರಲ್ಲಿ. ಅವತ್ತು ಕೆಲವು ಹುಡುಗರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಓಡಾಡಿದ್ದರು.

"ಬಿಡ್ರೀ, ರಜೆಗೆ ಬಂದವರಿಗೆ ಪಾಠ ಬೇಕಾ, ಮಜಾ ಸಾಕು" ಅಂತ ನೀವು ಅನ್ನಬಹುದು. ನಿಜದಲ್ಲಿ ಮಜಾ ಇಲ್ಲ ಅಂತ ನಿಮಗೆ ಯಾರು ಹೇಳಿದರು? 1958ರಲ್ಲಿ ಇಂಜಿನಿಯರಿಂಗ್ ಹುಡುಗರು ರಾತ್ರೋರಾತ್ರಿ ಒಂದು ಆಸ್ಟಿನ್ ಸೆವೆನ್ ಕಾರನ್ನು ಸೆನೆಟ್ ಹೌಸ್ ಛಾವಣಿಯ ಮೇಲೆ ಏರಿಸಿದ್ದರು. 1963ರಲ್ಲಿ ನಿಟ್ಟುಸಿರಿನ ಸೇತುವೆಗೆ ಒಂದು ಕಾರನ್ನು ನೇತುಹಾಕಿದ್ದರು. ನಾಯಿ ಸಾಕುವ ಹಾಗಿಲ್ಲ ಅಂದಿದ್ದಕ್ಕೆ ಕವಿ ಬೈರನ್ ಟ್ರಿನಿಟಿಗೆ ಕರಡಿ ತಂದು ಸಾಕಿದ್ದ. ಇವೆಲ್ಲ ನಡೆದದ್ದು. ನಗಲು ಇಷ್ಟು ಸಾಲದೆ?

"ಪಾಪ, ಗೈಡ್ ಹುಡುಗ ಹೊಟ್ಟೆಪಾಡಿಗೆ ಹೇಳ್ತಾನೆ" ಅನ್ನಬಹುದು. ಒಪ್ಪಿದೆ. ದಿನವಿಡೀ ಬಿಸಿಲಲ್ಲಿ ಕೋಲು ಊರಿ, ಟಿಪ್ಸಿಗೆ ಟೊಪ್ಪಿ ಹಿಡಿಯುವವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕೊಟ್ಟ ಪಾಠ ಅವನು ಒಪ್ಪಿಸುತ್ತಾನೆ. ಸಿಟ್ಟು ಇರುವುದು ನನ್ನ ಮೇಲೆ, ನನ್ನಂಥವರ ಮೇಲೆ. ನಮಗೆ ಯಾರೂ ಟಿಪ್ಸ್ ಕೊಡುವುದಿಲ್ಲ. ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತು ಬರೆಯುತ್ತೇವೆ. ಒಂದು ಇಸವಿ ಹುಡುಕಲು ಎರಡು ನಿಮಿಷ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಆಗಿದ್ದು ನಮಗೆ ಆಗುವುದಿಲ್ಲವೇ?

"ಒಂದು ಸುಳ್ಳಿನಿಂದ ಯಾರಿಗೇನು ನಷ್ಟ?" ಇದು ಮೂರನೆಯ ಮಾತು, ನನ್ನ ಅಸಲಿ ಜಗಳ ಇದರ ಜೊತೆಗೇ. ನಷ್ಟ ಇದೆ ಸ್ವಾಮಿ. ಇರುವುದೇ ಮುಕ್ಕಾಲು ಗಂಟೆ. ಒಂದು ಸುಳ್ಳು ಹತ್ತಿ ಕೂತರೆ ಒಂದು ನಿಜ ದೋಣಿಯಿಂದ ಇಳಿಯಲೇಬೇಕು. ಇಳಿಯುವುದು ಯಾರು ನೋಡಿ. ಎಥರಿಜ್ ಒಬ್ಬ ಬಡಗಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯಲ್ಲಿ ಕೆಲಸ ಮಾಡಿ ಕೈ ಪಳಗಿದವನು. ಅವನ ಕೆಲಸ ಕಿತ್ತು ನ್ಯೂಟನ್ನನಿಗೆ ಕೊಟ್ಟರು. ಬಡಗಿ ಇಳಿದ, ಮದ್ರಾಸಿನ ಗುಮಾಸ್ತ ಇಳಿದ, ಡಿಗ್ರಿ ಸಿಗದ ಹುಡುಗಿ ಇಳಿದಳು. ಕೊನೆಗೆ ಉಳಿದವರು ಮೊದಲೇ ಹೆಸರು ಮಾಡಿದ ದೊಡ್ಡವರು, ಅವರ ಜೊತೆ ತರಲೆ ಹುಡುಗರು. ಸುಳ್ಳಿಗೂ ಒಂದು ಜಾತಿ ಇದೆ, ಅದು ಯಾವಾಗಲೂ ಗೆದ್ದವರ ಪಕ್ಕವೇ ಕೂರುತ್ತದೆ.

ನಾವೇನು ಕಡಿಮೆಯೇ? ಬೇಲೂರಿಗೆ ಹೋಗಿ ಬಂದು ಜಕಣಾಚಾರಿ, ಡಂಕಣಾಚಾರಿ, ಕಲ್ಲೊಳಗಿನ ಕಪ್ಪೆ ಅಂತ ಬರೆಯುತ್ತೇವೆ. ಬಳ್ಳಿಗಾವಿಯ ದಾಸೋಜ, ಚಾವಣ ತಾವು ಕೆತ್ತಿದ ವಿಗ್ರಹದ ಕೆಳಗೇ ಕನ್ನಡದಲ್ಲಿ ಹೆಸರು ಕೊರೆದಿಟ್ಟು ಹೋಗಿದ್ದಾರೆ. ಕನ್ನಡ ಓದಲು ಬರುವ ನಾವೇ ಅವರನ್ನು ಓದುವುದಿಲ್ಲ.

ಇಂಗ್ಲಿಷಿನಲ್ಲಿ ಒಬ್ಬ ಸುಳ್ಳು ಬರೆದರೆ ಹತ್ತು ಜನ ತಿದ್ದಲು ಇದ್ದಾರೆ. ನ್ಯೂಟನ್ ಕಥೆಯನ್ನು ಅಲ್ಲಿ ಎಷ್ಟೋ ಕಡೆ ಅಲ್ಲಗಳೆದಿದ್ದಾರೆ, ಕ್ವೀನ್ಸ್ ಕಾಲೇಜಿನವರೇ ಅಲ್ಲಗಳೆದಿದ್ದಾರೆ. ಕನ್ನಡದಲ್ಲಿ ಒಂದು ವಿಷಯದ ಮೇಲೆ ಇರುವುದೇ ಒಂದೋ ಎರಡೋ ಪುಟ. ಅದೂ ಸುಳ್ಳಾದರೆ ಕನ್ನಡದಲ್ಲಿ ಮಾತ್ರ ಓದುವವನಿಗೆ ಅದೇ ಸತ್ಯ. ಕನ್ನಡದಲ್ಲಿ ಎಲ್ಲಾ ಸಿಗಬೇಕು ಅಂತ ತಾನೇ ನಾವು ಬರಹ, ನುಡಿ ಅಂತ ಒದ್ದಾಡಿಕೊಂಡು ಯೂನಿಕೋಡಿಗೆ ಬಂದಿದ್ದು? ಸಿಕ್ಕಿದ್ದು ಗೈಡಿನ ಸುಳ್ಳಾದರೆ ಆ ಒದ್ದಾಟ ಯಾಕೆ ಬೇಕಿತ್ತು?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಪ್ರವಾಸದ ಬಗ್ಗೆ ಬರೆಯುವಾಗ ನೋಡಿದ್ದನ್ನು ನೋಡಿದ್ದು ಅಂತ, ಕೇಳಿದ್ದನ್ನು 'ಗೈಡ್ ಹೇಳಿದ' ಅಂತ ಬೇರೆ ಬೇರೆ ಬರೆಯಿರಿ. ಒಂದಾದರೂ ಇಸವಿ ಹುಡುಕಿ ನೋಡಿ. ಹಳೆಯ ತಪ್ಪು ಗೊತ್ತಾದರೆ ಅಳಿಸಿ ಮುಚ್ಚಿಡಬೇಡಿ, ಮೇಲೆ ತಿದ್ದುಪಡಿ ಹಾಕಿ. ನನ್ನ 2009ರ ಬರಹಕ್ಕೆ ಹಾಕಿದ್ದೇನೆ, ಹೋಗಿ ನೋಡಬಹುದು. ನಕಲು ಮಾಡಿದ ಇಬ್ಬರೂ ದಯವಿಟ್ಟು ಇದನ್ನೂ ನಕಲು ಮಾಡಿಕೊಳ್ಳಿ :)

ಹ್ಞಾಂ, ಅಪ್ಪನಿಗೆ ಫಿಲಿಪ್ಪಾ ಫಾಸೆಟ್ ಕಥೆ ಹೇಳಿದೆ. ಇಸವಿ ಸಮೇತ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಕೇಳಿದರು, "ಇದನ್ನ ನೀನೇ ಸರಿಯಾಗಿ ನೋಡಿದ್ದೀಯ ತಾನೆ?" ನೋಡಿದ್ದೀನಿ ಅಪ್ಪ ಅಂದೆ. "ಹಾಗಾದ್ರೆ ಬರೆದು ಕಳಿಸು. ಆ ಹುಡುಗಿಗೆ ಕೊಡಬೇಕು" ಅಂದರು.

ಕಳಿಸಿದ್ದೇನೆ. ನೀವೇನಂತೀರಿ?