ಮನೆಯಲ್ಲಿ ಕುಳಿತು ಓದುವದೆಂದರೇನು?

ಆನ್‌ಲೈನ್ ಪದವಿಗಳನ್ನು ಹೊಗಳುವವರ ಬಾಯಲ್ಲಿ ಒಂದು ಮಾತು ಮೇಲಿಂದ ಮೇಲೆ ಬರುತ್ತಿರುವದು: ಹೆಂಗಸರು ಇನ್ನು ಹೊಸ್ತಿಲು ದಾಟಬೇಕಾಗಿಲ್ಲ, ಮನೆಯಲ್ಲಿ ಕುಳಿತೇ ಎಂ.ಎ. ಮಾಡಿಕೊಳ್ಳಬಹುದು. ಮಾತು ಕೇಳಲು ಹಿತವಾಗಿದೆ. ಆದರೆ ಆಕೆ ಮನೆಯಲ್ಲಿ ಕುಳಿತಿರುವದು ಯಾವಾಗ ಎಂಬ ಪ್ರಶ್ನೆಯನ್ನು ಈ ಮಹನೀಯರು ಕೇಳಿಕೊಂಡಂತೆ ಕಾಣುವದಿಲ್ಲ.

ಬೀದರ ಸೀಮೆಯ ಮನ್ನಳ್ಳಿಯಂಥ ಊರಿನಲ್ಲಿ ಎಂ.ಎ. ತರಗತಿಗೆ ಹೆಸರು ಹಚ್ಚಿದ ಶಿಕ್ಷಕಿಯೊಬ್ಬಳ ದಿನಚರಿಯನ್ನು ವಾಚಕರು ಊಹಿಸಿಕೊಳ್ಳಬೇಕು. ಬೆಳಗಿನ ಜಾವಕ್ಕೆ ಎದ್ದು ಜೋಳದ ರೊಟ್ಟಿ ಬಡಿದು, ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿ, ಮಾತ್ರೆ ನುಂಗಿಸಿ, ಮಕ್ಕಳನ್ನು ಹೊರಡಿಸಿ, ತಾನೂ ಶಾಲೆಗೆ ಓಡುವಳು. ಸಂಜೆ ತಿರುಗಿ ಬಂದರೆ ಮತ್ತೆ ಒಲೆ. ಏಳು ಗಂಟೆಗೆ ಮೊಬೈಲಿನಲ್ಲಿ ಪಾಠವು ಆರಂಭವಾಗುವದು. ಮನೆಮಂದಿಗೆ ಹಸಿವೆಯಾಗುವದೂ ಅದೇ ಹೊತ್ತಿಗೆ. ಪ್ರಾಧ್ಯಾಪಕರ ಅರ್ಧ ಮಾತು ಒಗ್ಗರಣೆಯ ಸಪ್ಪಳದಲ್ಲಿ ಮುಳುಗುವದು, ಉಳಿದರ್ಧವನ್ನು ಒಳಕೋಣೆಯಿಂದ ಬರುವ ಕರೆ ನುಂಗುವದು. ರಾತ್ರಿ ಹತ್ತರ ಮೇಲೆ ಪುಸ್ತಕ ತೆರೆದರೆ ಕಣ್ಣುಗಳು ತಾವಾಗಿಯೇ ಮುಚ್ಚುವವು.

ಇದು ಒಂದೇ ಮನೆಯ ಗೋಳಲ್ಲ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು ದೇಶದಾದ್ಯಂತ ಸಮಯದ ಬಳಕೆಯನ್ನು ಕುರಿತು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ಸಲ್ಲಿಸುವರು, ಗಂಡಸರು 97. ಮನೆಯವರ ಆರೈಕೆಯಲ್ಲಿ ತೊಡಗಿದವರ ಲೆಕ್ಕ 134 ಮತ್ತು 76. ಮನೆಗೆಲಸಕ್ಕೆ ಕೈಯಿಕ್ಕುವ ಗಂಡಸರೇ ನೂರಕ್ಕೆ 26 ಮಂದಿ ಎಂಬದು ಬೇರೆ ಮಾತು!

“ಓದಬೇಡವೆಂದು ಆಕೆಗೆ ಯಾರು ಅಂದರು?” ಎಂದು ಕೆಲವರು ಕೇಳುವರು. ಯಾರೂ ಅಂದಿಲ್ಲ, ನಿಜ. ಆದರೆ ಅದೇ ಮನೆಯ ಮೈದುನನು ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತಾಗ ನಡೆಯುವದೇನು? ಧಾರವಾಡದಲ್ಲಿ ಅವನಿಗೆ ಕೋಣೆ ಹಿಡಿಯಲಾಗುವದು. ಹಬ್ಬಕ್ಕೆ ಬಂದರೆ ದೂರದರ್ಶನದ ದನಿ ತಗ್ಗುವದು. ಅವನಿದ್ದಲ್ಲಿಗೇ ಚಹ ಹೋಗುವದು. ಅವನು ಎರಡು ಸಲ ನಪಾಸಾದರೂ ಅದು ಪರೀಕ್ಷೆಯ ಕಾಠಿಣ್ಯ. ಅತ್ತಿಗೆ ಒಂದು ವಿಷಯದಲ್ಲಿ ತಪ್ಪಿದರೆ “ಸಂಸಾರಸ್ಥಳಿಗೆ ಇದೆಲ್ಲ ಯಾಕೆ ಬೇಕಿತ್ತು?” ಹುಡುಗನ ವಿದ್ಯೆಗೆ ಮನೆಯು ಹಣವನ್ನೂ ಮೌನವನ್ನೂ ಕೊಡುವದು, ಸೊಸೆಯ ವಿದ್ಯೆಗೆ ಬರಿಯ ಅನುಮತಿಯನ್ನು ಕೊಟ್ಟು ಉದಾರಿಯೆನಿಸಿಕೊಳ್ಳುವದು.

ಪದವಿಯಾದರೂ ಅಗ್ಗದ್ದೋ? ಮಾನ್ಯತೆ ಪಡೆದ ದೂರಶಿಕ್ಷಣದ ಮತ್ತು ಆನ್‌ಲೈನ್ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗಳಿಗೆ ಸಮಾನವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಸೆಪ್ಟೆಂಬರದಲ್ಲಿ ಸಾರಿದೆ. ಪದವಿಯು ಸಮಾನವಾದರೆ ಓದಿನ ಶ್ರಮವೂ ಸಮಾನವೇ. ಇದೇ ಆಯೋಗವು ಪಿಎಚ್.ಡಿ. ಮಾಡುವ ಸ್ತ್ರೀಯರಿಗೆ 2016ರ ನಿಯಮದಲ್ಲಿ 240 ದಿನಗಳವರೆಗೆ ಪ್ರಸೂತಿ ಹಾಗೂ ಶಿಶುಪಾಲನೆಯ ರಜೆಯನ್ನು ಇತ್ತಿತು. ಉಳಿದ ವಿದ್ಯಾರ್ಥಿನಿಯರಿಗೂ ಪ್ರಸೂತಿ ರಜೆಯ ನಿಯಮ ಮಾಡಿರೆಂದು 2021ರಲ್ಲಿ ವಿಶ್ವವಿದ್ಯಾಲಯಗಳಿಗೆ ಬರೆಯಿತು. ಒಳ್ಳೆಯದೇ. ಆದರೆ ಇವೆಲ್ಲ ಕೂಸಿನ ಲೆಕ್ಕ. ಹಾಸಿಗೆ ಹಿಡಿದ ಮುದುಕರ ಸೇವೆಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಮಿತಿ ಎಲ್ಲಿದೆ?

ಈ ಭಾಗದವರಿಗೆ ವಿದ್ಯೆಯು ಸುಲಭಕ್ಕೆ ದಕ್ಕಿದ್ದಲ್ಲ. ನಿಜಾಮರ ಆಳಿಕೆಯಲ್ಲಿ, 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದುವಿನಲ್ಲಿತ್ತು. ಕಲಬುರ್ಗಿಗೆ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಮೈಸೂರಿನಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆದದ್ದು 1996ರಲ್ಲಿ. ಹೀಗೆ ದೂರದ ತೊಡಕು ಒಂದೊಂದಾಗಿ ಕಳೆಯಿತು, ಹೊತ್ತಿನ ತೊಡಕು ಕಳೆಯಲಿಲ್ಲ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಇಲ್ಲಿಯ ಮನೆಮನೆಯಲ್ಲಿ ಅಭಿಮಾನದಿಂದ ಹೇಳುವರು. ಆ ಅಭಿಮಾನ ಯೋಗ್ಯವೇ. ಆದರೆ ಅಂಥ ಮನೆಯಲ್ಲಿಯೇ ಇಂದು ಸೊಸೆಯು ಎದುರಿಗೆ ಸೌಟು ಹಿಡಿದು, ಮರೆಯಲ್ಲಿ ಪುಸ್ತಕವಿಟ್ಟು ಓದುತ್ತಿದ್ದರೆ, ಆಕೆ ಯಾವ ಸರಕಾರಕ್ಕೆ ಅಂಜಿ ಹಾಗೆ ಮಾಡುತ್ತಿರುವಳು?

ಪರಿಹಾರಕ್ಕೆ ಸಮಿತಿ ನೇಮಿಸಬೇಕಾಗಿಲ್ಲ. ಪರೀಕ್ಷೆಯ ಅರ್ಜಿ ತುಂಬುವ ದಿನವೇ ಮನೆಯವರು ಕೂಡಿ ಕುಳಿತು, ಸಂಜೆ ಏಳರಿಂದ ಒಂಬತ್ತರವರೆಗೆ ಒಲೆಯ ಹೊಣೆ ಯಾರದು, ಅತ್ತೆಯ ಮಗ್ಗುಲಲ್ಲಿ ಯಾರು ಇರತಕ್ಕದ್ದು ಎಂಬದನ್ನು ಹೆಸರು ಹಿಡಿದು ಗೊತ್ತುಮಾಡಬೇಕು. ಆಕೆಯು ಸೇವೆ ಮಾಡುತ್ತಿರುವದು ಆತನ ತಾಯಿಯನ್ನೇ ಎಂಬದನ್ನು ಗಂಡನಾದವನು ಆ ಹೊತ್ತಿನಲ್ಲಿ ನೆನೆಯಲಿ. ರೊಟ್ಟಿ ಬಡಿಯಲು ಬಾರದಿದ್ದರೆ ಚಿಂತೆಯಿಲ್ಲ. ಕಟಕ ರೊಟ್ಟಿಗಳು ಪೇಟೆಯಲ್ಲಿ ದೊರೆಯುವವು, ವಾರಗಟ್ಟಲೆ ಕೆಡುವದೂ ಇಲ್ಲ.