ಜಾಗರಣೆಯ ಓದು

ನಂಜನಗೂಡಿನ ಶ್ರೀಕಂಠೇಶ್ವರನಿಗೆ ವರ್ಷಕ್ಕೆ ಎರಡು ಜಾತ್ರೆ; ಒಂದು ದೊಡ್ಡ ಜಾತ್ರೆ, ಇನ್ನೊಂದು ಚಿಕ್ಕ ಜಾತ್ರೆ. ಸೆಮಿಸ್ಟರ್ ಪದ್ಧತಿಯ ಕೃಪೆಯಿಂದ ನಮಗೂ ವರ್ಷಕ್ಕೆ ಎರಡು ಪರೀಕ್ಷೆ. ದೇವರ ಜಾತ್ರೆಯ ದಿನ ಪಂಚಾಂಗದಲ್ಲಿ ಮೊದಲೇ ತಿಳಿಯುತ್ತದೆ. ನಮ್ಮದು ವೇಳಾಪಟ್ಟಿ ಬರುವವರೆಗೂ ತಿಳಿಯದು ಎಂಬುದಷ್ಟೇ ಭೇದ. ಅದು ಬಂದ ದಿನದಿಂದ ದೇವಾಲಯದಲ್ಲಿ ವಿದ್ಯಾರ್ಥಿಗಳ ಮುಖಗಳು ಹೆಚ್ಚುತ್ತವೆ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣುಬೇನೆ ವಾಸಿಯಾಯಿತೆಂಬ ಪ್ರತೀತಿಯಿಂದ ‘ಹಕೀಂ ನಂಜುಂಡ’ನೆನಿಸಿಕೊಂಡ ಸ್ವಾಮಿಯಲ್ಲಿ ಪರೀಕ್ಷಾಜ್ವರಕ್ಕೂ ಮದ್ದಿರಬಹುದೆಂದು ನಂಬುವುದರಲ್ಲಿ ತಪ್ಪೇನೂ ಇಲ್ಲ. ನಾನೂ ಹರಕೆ ಹೊತ್ತವಳೇ. ಆದರೆ ಆ ಜ್ವರಕ್ಕೆ ನಾವೇ ಕಂಡುಕೊಂಡಿರುವ ಮನೆಮದ್ದೊಂದಿದೆಯಲ್ಲ, ರಾತ್ರಿಯಿಡೀ ಎಚ್ಚರವಿದ್ದು ಓದುವುದು, ಅದರ ಮೇಲೆ ನನ್ನ ತಕರಾರು.

ಕಳೆದ ವರ್ಷ ಇತಿಹಾಸದ ಪತ್ರಿಕೆಯ ಹಿಂದಿನ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಮೈಸೂರಿನಲ್ಲಿ 1831ರಿಂದ 1881ರವರೆಗೆ ನಡೆದ ಕಮಿಷನರರ ಆಡಳಿತವನ್ನು ಮೂರು ಸಲ ಓದಿ ಮುಗಿಸಿದೆ. ಬೆಳಿಗ್ಗೆ ಬಸ್ಸಿನಲ್ಲಿ ತೂಕಡಿಸಿದೆ. ಪ್ರಶ್ನೆಪತ್ರಿಕೆಯಲ್ಲಿ ಓದಿದ ಪ್ರಶ್ನೆಯೇ ಬಂದಿತ್ತು! ಆನಂದದಿಂದ ಬರೆಯತೊಡಗಿದೆ; ಬೌರಿಂಗನ ಸುಧಾರಣೆಗಳನ್ನೆಲ್ಲ ಕಬ್ಬನ್ನನ ತಲೆಗೆ ಕಟ್ಟಿ, ಕಬ್ಬನ್ನನದನ್ನು ಬೌರಿಂಗನಿಗೆ ದಾನ ಮಾಡಿ ಹೊರಗೆ ಬಂದೆ. ಫಲಿತಾಂಶ ಬಂದಾಗ ಗುಲಗಂಜಿ ತೂಕದಷ್ಟು ಅಂಕ ಕಡಿಮೆಯಾಗಿ ಆ ಪತ್ರಿಕೆ ಉಳಿಯಿತು.

ಹುಡುಗರಿಗೆ ಪತ್ರಿಕೆ ಉಳಿದರೆ ಮನೆಯಲ್ಲಿ ನಾಲ್ಕು ಬೈಗುಳ. ನಮ್ಮಂಥವರಿಗೆ ಹಾಗಲ್ಲ. ವಿಷಯ ತಿಳಿದ ವಾರವೇ ಅಪ್ಪ, “ಇನ್ನೆಷ್ಟು ದಿನ ಓದ್ಸದು?” ಎಂದರು. ಅವ್ವ ಮಾತನಾಡಲಿಲ್ಲ. ಮುಂದಿನ ಭಾನುವಾರ ಯಾರೋ ನೆಂಟರು ಬಂದು, ಕಾಫಿ ಕುಡಿದು, ನನ್ನ ವಯಸ್ಸು ಕೇಳಿಕೊಂಡು ಹೋದರು. ನಮ್ಮ ತರಗತಿಯಲ್ಲಿ ಮೊದಲ ವರ್ಷ ಜೊತೆಗಿದ್ದು ಮೂರನೆಯ ವರ್ಷಕ್ಕೆ ಕಾಣದಾದ ಗೆಳತಿಯರನ್ನು ಲೆಕ್ಕ ಹಾಕಿದರೆ ಈ ಮಾತು ಅತಿಶಯೋಕ್ತಿ ಎನಿಸದು.

ಆ ರಜೆಯಲ್ಲಿ ತಿರುಮಕೂಡಲು ನರಸೀಪುರದ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅಲ್ಲಿನ ಅಕ್ಕ ಬಿ.ಎ. ಮುಗಿಸಿದವಳು. ಸಂಜೆ ಕಾವೇರಿ ಕಪಿಲೆಯರು ಕೂಡುವ ಸಂಗಮದ ಕಡೆಗೆ ಹೊರಟರೆ ನನ್ನ ಪುಸ್ತಕವನ್ನೂ ತರಿಸುವಳು. ಮೆಟ್ಟಿಲ ಮೇಲೆ ಕುಳಿತು ಎರಡು ಪುಟ ಓದಿದೊಡನೆ, “ಮುಚ್ಚವ್ವ ಪುಸ್ತಕನ. ಈಗ ಹೇಳು, ಕಬ್ಬನ್ ಏನ್ ಮಾಡ್ದ?” ಎನ್ನುವಳು.

“ಈಗ್ತಾನೆ ಓದ್ದೆ ಅಕ್ಕ, ಮರ್ತೋಯ್ತು.”

“ಓದಿದ್ದು ಪುಸ್ತಕದಲ್ಲೇ ಅದೆ, ನಿನ್ ತಲೇಲಿಲ್ಲ. ಇನ್ನೊಂದ್ಸಲ ನೋಡು.”

ಮೂರು ದಿನ ಬಿಟ್ಟು ಅದೇ ಪ್ರಶ್ನೆಯನ್ನು ಅಡಿಗೆಮನೆಯಲ್ಲಿ ಮತ್ತೆ ಕೇಳುವಳು. ಮೊದಮೊದಲು ಸಿಟ್ಟು ಬರುತ್ತಿತ್ತು. ಆದರೆ ಅಂದು ಕಲಿತದ್ದು ಇಂದಿಗೂ ಕದಲಿಲ್ಲ.

ಇದು ಅಕ್ಕನೊಬ್ಬಳ ಉಪಾಯವಲ್ಲವೆಂದು ಆಮೇಲೆ ತಿಳಿಯಿತು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಒಂದೇ ಪಟ್ಟಿಗೆ ಓದುವುದಕ್ಕಿಂತ ದಿನ ಬಿಟ್ಟು ದಿನ ಹಂಚಿ ಓದಿದರೆ ಕಡಿಮೆ ಶ್ರಮದಲ್ಲಿ ನಿಲ್ಲುತ್ತದೆಂಬುದು ಅವನು ಕಂಡ ಸಂಗತಿ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬಿಬ್ಬರು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿದರು. ಐದು ನಿಮಿಷದ ಮೇಲೆ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರದ ಮೇಲೆ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿಕೊಂಡವರು ಮುಂದು. ಇನ್ನು ನಿದ್ದೆಯಂತೂ ಓದಿದ್ದನ್ನು ಮಿದುಳಿನಲ್ಲಿ ಗಟ್ಟಿ ಮಾಡುವ ಹೊತ್ತು. ಅದನ್ನೇ ಕಳೆದುಕೊಂಡು ಓದುವುದೆಂದರೆ ತಳವಿಲ್ಲದ ಕೊಡಕ್ಕೆ ನೀರು ಸೇದಿದಂತೆ.

ಹಾಗಾದರೆ ಹಗಲಲ್ಲೇ ಓದಬಾರದೆ? ಪೂಜ್ಯ ಅಧ್ಯಾಪಕರು ಕೇಳುವ ಪ್ರಶ್ನೆ ಇದು. ಓದಬಹುದು, ಜಾಗವಿದ್ದರೆ. ಚಿಕ್ಕ ಜಾತ್ರೆಯ ಕಾಲಕ್ಕೆ ನಾಲೆಯ ಕೆಳಗಿನ ಊರುಗಳಲ್ಲಿ ಭತ್ತದ ಕೊಯ್ಲು. ಗದ್ದೆಗೆ ಬುತ್ತಿ ಹೊರುವುದು, ಸಂಜೆ ಮುದ್ದೆಗೆ ಎಸರಿಡುವುದು ಮನೆಯಲ್ಲಿರುವ ಹುಡುಗಿಯ ಪಾಲು. ಓದಲೆಂದು ಕೊಟ್ಟ ರಜೆಯಲ್ಲಿ ಅವಳಿಗೆ ಓದಲು ಹೊತ್ತಿಲ್ಲ! ಮನೆ ಮಲಗಿದ ಮೇಲೆ ಉಳಿಯುವುದು ರಾತ್ರಿಯೊಂದೇ. ಜಾಗರಣೆ ಎಲ್ಲರಿಗೂ ಸೋಮಾರಿತನದ ಫಲವಲ್ಲ. (ಕೆಲವರಿಗೆ ಹೌದು. ಮೂರು ತಿಂಗಳು ಮೊಬೈಲು ಹಿಡಿದು, ಕೊನೆಯ ವಾರ ಗೈಡು ಹಿಡಿಯುವವರ ಪರವಾಗಿ ನಾನು ವಾದಿಸುತ್ತಿಲ್ಲ.)

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಓದಿನ ರಜೆಯ ದಿನಗಳಲ್ಲಿ ಕಾಲೇಜಿನ ಒಂದು ಕೊಠಡಿಯನ್ನು ಬೆಳಿಗ್ಗೆಯಿಂದ ಸಂಜೆಯ ಬಸ್ಸಿನವರೆಗೆ ತೆರೆದಿಡಬೇಕು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. “ಕಾಲೇಜಿಗೆ ಹೋಗಬೇಕು” ಎಂಬ ಒಂದು ಮಾತು ಸಿಕ್ಕಿದರೆ ಮನೆಯಿಂದ ಹೊರಡಬಹುದು. ಆ ಮಾತನ್ನು ನಾವಾಗಿ ಹೇಳಿದರೆ ನಂಬುವವರಿಲ್ಲ, ಕಾಲೇಜಿನ ಸೂಚನಾಫಲಕ ಹೇಳಬೇಕು. ಅಧ್ಯಾಪಕರು ಬಂದು ಪಾಠ ಮಾಡಬೇಕಾಗಿಲ್ಲ. ಒಬ್ಬರು ಕೇಳಲು, ಇನ್ನೊಬ್ಬರು ಪುಸ್ತಕ ಮುಚ್ಚಿ ಹೇಳಲು ನಾವೇ ಇದ್ದೇವೆ.

ಇದನ್ನು ಪ್ರಸ್ತಾಪಿಸಿದಾಗ ಹಿರಿಯರೊಬ್ಬರು, “ಬೀಗ ಯಾರಮ್ಮ ಹಾಕುವವರು?” ಎಂದು ನಕ್ಕರು. ನಾವು ಐದು ಜನ ಹೆಸರು ಬರೆದುಕೊಟ್ಟಿದ್ದೇವೆ. ಉಳಿದಿದ್ದ ಪತ್ರಿಕೆಯನ್ನು ಈ ಸಲ ನಿದ್ದೆ ಮಾಡಿ ಎದ್ದು ಬರೆದೆ. ಕಬ್ಬನ್, ಬೌರಿಂಗ್ ಇಬ್ಬರಿಗೂ ಅವರವರದನ್ನು ಹಿಂದಿರುಗಿಸಿದ್ದೇನೆ. ಫಲಿತಾಂಶ ಇನ್ನೂ ಬಂದಿಲ್ಲ. ನೆಂಟರು ದೊಡ್ಡ ಜಾತ್ರೆ ಕಳೆಯಲೆಂದು ಹೇಳಿ ಕಳಿಸಿದ್ದಾರೆ.